ಟೇಲೆಂಡ್‌ವರೆಗೆ ಔಷಧಿ ತಲುಪಬೇಕೆಂದರೆ: ಲಿವರ್‌ನ ಕತ್ತರಿಗೆ ಬೇಗ ಸಿಗದ ಅಣು ಕಟ್ಟುವ ಬಗೆ

ಎಂ.ಫಾರ್ಮ ತರಗತಿಯಲ್ಲಿ ಒಂದು ದಿನ ‘ಫಸ್ಟ್ ಪಾಸ್’ ಪಾಠ ಮಾಡುತ್ತಿದ್ದೆ. ನುಂಗಿದ ಮಾತ್ರೆ ಕರುಳಿನಿಂದ ಹೊರಟು ಸೀದಾ ಮೈಯೆಲ್ಲ ಸುತ್ತುವುದಿಲ್ಲ. ಮೊದಲು ಲಿವರ್ ದಾಟಬೇಕು. ಎಷ್ಟೋ ಔಷಧಿಗಳು ಅಲ್ಲೇ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿಬಿಡುತ್ತವೆ. ಹೀಗೆ ಹೇಳುತ್ತ ಬೋರ್ಡಿನ ಮೇಲೆ ಬಾಣ ಎಳೆಯುತ್ತಿದ್ದೆ. ಸಿರವಾರ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಮೇಡಂ, ಇದು ನಮ್ಮ ಕಾಲುವಿ ಕಥೀನೇ ಐತಲ್ರೀ. ಡ್ಯಾಮಿನ್ಯಾಗ ನೀರು ಬಿಟ್ಟೇ ಬಿಡ್ತಾರ. ನಮ್ಮ ಹೊಲಕ್ಕ ಬರೂದ್ರಾಗ ಏನೂ ಉಳಿದಿರಂಗಿಲ್ಲ.”

ಎಲ್ಲರೂ ನಕ್ಕರು. ಆದರೆ ಅವಳ ಮಾತು ನನ್ನ ಬಾಣಗಳಿಗಿಂತ ಸರಿಯಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆ ಬರಬೇಕು. ನಡುವೆ ಎಷ್ಟು ತೂಬು, ಎಷ್ಟು ಕಳ್ಳ ಪೈಪು! ಟೇಲೆಂಡಿಗೆ, ಅಂದರೆ ಕಾಲುವೆಯ ಕೊನೆಯ ಹೊಲಗಳಿಗೆ, ನೀರು ಬರಲಿಲ್ಲ ಅಂತ ಡ್ಯಾಮಿನಲ್ಲಿ ಇನ್ನಷ್ಟು ಬಿಟ್ಟರೆ ಮೇಲಿನವರೇ ಇನ್ನಷ್ಟು ಎಳೆದುಕೊಳ್ಳುತ್ತಾರೆ. ಔಷಧಿಯಲ್ಲಿ ಡೋಸ್ ಏರಿಸುವುದೂ ಹಾಗೇ. ಅಡ್ಡ ಪರಿಣಾಮ ಜಾಸ್ತಿ, ಲಾಭ ಕಡಿಮೆ. ಇನ್ನೊಂದು ದಾರಿ, ಸೋರುವ ಜಾಗ ಹುಡುಕಿ ಅಣುವನ್ನೇ ಸ್ವಲ್ಪ ತಿದ್ದುವುದು.

ರಾಯಚೂರು, ಬಳ್ಳಾರಿ, ಕೊಪ್ಪಳದಂಥ ಊರಿನ ಕಾಲೇಜುಗಳಲ್ಲಿ ಹೊಸ ಅಣು ಮಾಡಿ ಪ್ರಾಜೆಕ್ಟ್ ಬರೆಯುವವರಿಗಾಗಿ ಈ ಲೇಖನ. ನಮ್ಮ ಹತ್ತಿರ ಕಂಪನಿಗಳ ಸಲಕರಣೆ ಇಲ್ಲ. ಇರುವುದರಲ್ಲಿ ಏನು ಮಾಡಬಹುದು ಅನ್ನುವುದಷ್ಟೇ ಹೇಳುತ್ತೇನೆ.

ಹಂತ 1: ಕತ್ತರಿ ಯಾರ ಕೈಯಲ್ಲಿದೆ?

ಒಗ್ಗರಣಿ-ಮಿರ್ಚಿ ತಿಂದ ಕೈ ಬರೀ ನೀರಿಗೆ ಹೋಗುತ್ತಾ? ಇಲ್ಲ, ಸೋಪು ಬೇಕು. ದೇಹಕ್ಕೂ ಇದೇ ತೊಂದರೆ. ಜಿಡ್ಡಿನ ಅಣು ಮೂತ್ರದಲ್ಲಿ ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಲಿವರ್ ಅದರ ಮೇಲೊಂದು ಆಮ್ಲಜನಕ ಕೂರಿಸುತ್ತದೆ, ಇಲ್ಲವೇ ಒಂದು ತುಂಡು ಕತ್ತರಿಸುತ್ತದೆ. ಬೇಕೆನಿಸಿದರೆ ಆಮೇಲೆ ಸಕ್ಕರೆಯಂಥ ತುಣುಕೊಂದನ್ನು ಅಂಟಿಸಿ ನೀರಿಗೆ ಒಗ್ಗಿಸುತ್ತದೆ.

ಮೊದಲ ಕೆಲಸ ಮಾಡುವವರಲ್ಲಿ ದೊಡ್ಡವರು ಸೈಟೋಕ್ರೋಮ್ ಪಿ450 ಕಿಣ್ವಗಳು. ಇವುಗಳಲ್ಲಿ 3ಎ4 ಒಂದೇ ಬಳಕೆಯಲ್ಲಿರುವ ಸುಮಾರು ಅರ್ಧದಷ್ಟು ಔಷಧಿಗಳನ್ನು ಮುಟ್ಟುತ್ತದೆ. 2ಡಿ6, 2ಸಿ9, 2ಸಿ19, 1ಎ2 ಉಳಿದ ಮುಖ್ಯ ಮಂದಿ. ಎಸ್ಟರ್ ಕತ್ತರಿಸಲು ಎಸ್ಟರೇಸ್‌ಗಳು ಬೇರೆಯೇ ಇವೆ. ಆಲ್ಡಿಹೈಡ್ ಆಕ್ಸಿಡೇಸ್ ಅಂತ ಇನ್ನೊಂದಿದೆ, ಅದರ ಕಾಟ ಮುಂದೆ ಬರುತ್ತದೆ.

ಹಂತ 2: ಹಾಳೆಯ ಮೇಲೆ ಅಣು ಬಿಡಿಸಿ, ಮೆತ್ತಗಿನ ಜಾಗಕ್ಕೆ ಕೆಂಪು ಸುತ್ತು ಹಾಕಿ

ಕಂಪ್ಯೂಟರ್ ಆಮೇಲೆ. ಮೊದಲು ಪೆನ್ನು. ಆಮ್ಲಜನಕಕ್ಕೆ ಅಂಟಿದ ಮೀಥೈಲ್, ನೈಟ್ರೋಜನ್‌ಗೆ ಅಂಟಿದ ಮೀಥೈಲ್ ಅಥವಾ ಈಥೈಲ್, ಬೆಂಜೀನ್ ಉಂಗುರದ ಪಕ್ಕದ ಮೀಥೈಲ್, ಏನೂ ಇಲ್ಲದೆ ಖಾಲಿ ಬಿದ್ದ ಉಂಗುರದ ತುದಿ (ಪ್ಯಾರಾ ಜಾಗ), ಗಂಧಕ, ಎಸ್ಟರ್, ಬಯಲಿಗೆ ಬಿದ್ದ ಫೀನಾಲ್. ಇವೆಲ್ಲ ಕತ್ತರಿಗೆ ಇಷ್ಟ. ನಮ್ಮ ಲ್ಯಾಬುಗಳಲ್ಲಿ ಅನಿಸಾಲ್ಡಿಹೈಡ್ ಬಾಟಲಿ ಕಾಯಂ ಇರುತ್ತದಲ್ಲ, ಅದರಲ್ಲಿ ಆಮ್ಲಜನಕಕ್ಕೆ ಅಂಟಿದ ಮೀಥೈಲ್ (ಮೆಥಾಕ್ಸಿ) ಇದೆ. ಅದರಿಂದ ಮಾಡಿದ ಪ್ರತಿ ಚಾಲ್ಕೋನ್, ಪ್ರತಿ ಪಿರಜೋಲಿನ್ ಮೊದಲ ದಿನದಿಂದಲೇ ಒಂದು ಕೆಂಪು ಸುತ್ತು ಹೊತ್ತುಕೊಂಡೇ ಹುಟ್ಟುತ್ತದೆ.

ಆಮೇಲೆ ಸ್ಮಾರ್ಟ್‌ಸಿಪ್‌ಗೆ ಹೋಗಿ. ಕಂಪ್ಯೂಟರ್ ಪ್ರೋಗ್ರಾಂ, ಪುಕ್ಕಟೆ ಸಿಗುತ್ತದೆ. ಯಾವ ಪರಮಾಣುವಿಗೆ ಮೊದಲು ಏಟು ಬೀಳಬಹುದು ಅಂತ ಸಾಲಾಗಿ ಹೇಳುತ್ತದೆ. ಬಯೋಟ್ರಾನ್ಸ್‌ಫಾರ್ಮರ್ ಕೂಡ ಇದೆ, ಅದು ಒಡೆದ ಮೇಲೆ ಏನಾಗಬಹುದು ಅಂತ ಬಿಡಿಸಿ ತೋರಿಸುತ್ತದೆ.

ಇಲ್ಲಿ ಒಂದು ತಪ್ಪು ಪ್ರತಿ ವರ್ಷ ನೋಡುತ್ತೇನೆ. ಸ್ವಿಸ್‌ಎಡಿಎಂಇ ಅನ್ನುವ ಜಾಲತಾಣ ತೆರೆದು ಸಿಪ್ (ಅಂದರೆ ಪಿ450) 3ಎ4 ಎದುರು ‘ನೋ’ ಅಂತ ಬಂದರೆ “ನಮ್ಮ ಅಣುವನ್ನು 3ಎ4 ಒಡೆಯುವುದಿಲ್ಲ” ಅಂತ ಪ್ರಬಂಧದಲ್ಲಿ ಬರೆದುಬಿಡುತ್ತಾರೆ. ಅಲ್ಲ! ಆ ಸಾಲು ಹೇಳುವುದು ನಿಮ್ಮ ಅಣು ಆ ಕಿಣ್ವವನ್ನು ತಡೆಯುತ್ತದೋ ಇಲ್ಲವೋ ಅನ್ನುವುದನ್ನು. ಕಿಣ್ವ ನಿಮ್ಮ ಅಣುವನ್ನು ಒಡೆಯುತ್ತದೋ ಅನ್ನುವುದು ಬೇರೆಯೇ ಪ್ರಶ್ನೆ. ಅಂದ ಹಾಗೆ, ಡಾಕಿಂಗ್ ಸ್ಕೋರಿಗೂ (ಅಣು ತನ್ನ ಗುರಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಕಂಪ್ಯೂಟರ್ ಕೊಡುವ ಅಂಕ) ಈ ವಿಷಯಕ್ಕೂ ಸಂಬಂಧವೇ ಇಲ್ಲ. ಸ್ಕೋರ್ ಎಷ್ಟೇ ಚೆಂದ ಇದ್ದರೂ ಹತ್ತು ನಿಮಿಷದಲ್ಲಿ ಕರಗುವ ಅಣು ಕರಗಿಯೇ ಕರಗುತ್ತದೆ.

ಹಂತ 3: ಅಳೆಯಿರಿ. ಮಟನ್ ಅಂಗಡಿಯಿಂದ ಶುರು

ಕಂಪನಿಗಳಲ್ಲಿ ಮನುಷ್ಯರ ಲಿವರ್ ಮೈಕ್ರೋಸೋಮ್ (ಪಿ450 ಅಂಟಿಕೊಂಡಿರುವ ಲಿವರ್ ಕೋಶದ ಪೊರೆಯ ಚೂರುಗಳು) ಮೈನಸ್ 80 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಬೇಸಿಗೆಯಲ್ಲಿ, ನಮ್ಮ ಕರೆಂಟಿನಲ್ಲಿ, ಅಂಥ ಫ್ರೀಜರ್ ನೆಚ್ಚಿಕೊಳ್ಳುವ ಧೈರ್ಯ ನನಗಿಲ್ಲ. ಹಾಗಾಗಿ ಆಡಿನ ಲಿವರ್. ನಮ್ಮ ಕಡೆ ಕಲೇಜಿ ಅಂತಾರೆ.

ಬೆಳಗ್ಗೆ ಬೇಗ, ಕೊಯ್ದ ಕೂಡಲೇ ತರಬೇಕು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿಕೊಂಡು ಹೋಗಿ. ಪಿತ್ತದ ಚೀಲ ಒಡೆಯದ ಹಾಗೆ ತೆಗೆಯಲು ಅಂಗಡಿಯವರಿಗೆ ಮೊದಲೇ ಹೇಳಿ. ಪಿತ್ತ ತಾಗಿದರೆ ಕಿಣ್ವ ಕೆಟ್ಟಿತು. ಲ್ಯಾಬಿಗೆ ಬಂದ ಮೇಲೆ 1.15 ಶೇಕಡಾ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಅದೂ ತಣ್ಣಗಿನದರಲ್ಲಿ, ರಕ್ತ ಹೋಗುವವರೆಗೆ ತೊಳೆಯಿರಿ. ಸಣ್ಣಗೆ ಹೆಚ್ಚಿ, ಐಸ್ ಮೇಲಿಟ್ಟೇ ಹೋಮೋಜನೈಜರ್‌ನಲ್ಲಿ ಅರೆಯಿರಿ. ಆಮೇಲೆ 4 ಡಿಗ್ರಿಯಲ್ಲಿ, 9000 ಜಿ ವೇಗದಲ್ಲಿ 20 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ಮೇಲೆ ನಿಂತ ಕೆಂಪಗಿನ ದ್ರವವೇ ಎಸ್9. ಮೈಕ್ರೋಸೋಮ್ ಬೇಕೆಂದರೆ ಇದನ್ನು 1 ಲಕ್ಷ ಜಿ ವೇಗದಲ್ಲಿ ತಿರುಗಿಸಬೇಕು, ಆ ಯಂತ್ರ ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ. ಎಸ್9 ಸಾಕು. ಅದರಲ್ಲಿ ಮೈಕ್ರೋಸೋಮಿನ ಪಿ450 ಕೂಡ ಇರುತ್ತದೆ, ಹೊರಗಿನ ದ್ರವದ ಕಿಣ್ವಗಳೂ ಇರುತ್ತವೆ. ಆಡು ಮನುಷ್ಯ ಅಲ್ಲ, ನಿಜ. ಆದರೆ ನಿಮ್ಮ ಹತ್ತು ಅಣುಗಳಲ್ಲಿ ಯಾವುದು ಬೇಗ ಹೋಗುತ್ತದೆ, ಯಾವುದು ನಿಲ್ಲುತ್ತದೆ ಅಂತ ಸಾಲು ಹಚ್ಚಲು ಸಾಕು.

ಇನ್ನು ಪ್ರಯೋಗ. 7.4 ಪಿಎಚ್‌ನ ಫಾಸ್ಫೇಟ್ ಬಫರ್, 37 ಡಿಗ್ರಿ, ಎಸ್9, ನಿಮ್ಮ ಅಣು, ಕೊನೆಗೆ ಎನ್‌ಎಡಿಪಿಎಚ್. ಇದು ಪಿ450ಗೆ ಇಂಧನ. ಅಣುವನ್ನು ಕರಗಿಸಿದ ಡಿಎಂಎಸ್‌ಒ ಕೊನೆಯ ಮಿಶ್ರಣದಲ್ಲಿ 0.2 ಶೇಕಡಾ ಮೀರಬಾರದು, ಅದೂ ಕಿಣ್ವವನ್ನು ಕಾಡುತ್ತದೆ. ಅಣು ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಹಾಕುತ್ತಾರೆ. ಎಚ್‌ಪಿಎಲ್‌ಸಿ ಯುವಿಗೆ (ಎಷ್ಟು ಅಣು ಉಳಿದಿದೆ ಅಂತ ಅಳೆಯುವ ಯಂತ್ರಕ್ಕೆ) ಅಷ್ಟು ಸಣ್ಣದು ಕಾಣದಿದ್ದರೆ 5 ಅಥವಾ 10ಕ್ಕೆ ಹೋಗಿ, ಆದರೆ ಎಲ್ಲ ಅಣುವಿಗೂ ಅಷ್ಟೇ ಇರಲಿ. 0, 5, 15, 30, 60ನೇ ನಿಮಿಷದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಐಸಿನಲ್ಲಿಟ್ಟ ಅಸಿಟೋನೈಟ್ರೈಲ್‌ಗೆ ಹಾಕಿ. ಪ್ರೋಟೀನ್ ಹೆಪ್ಪುಗಟ್ಟುತ್ತದೆ, ಆಟ ಅಲ್ಲಿಗೆ ನಿಲ್ಲುತ್ತದೆ.

ಲೆಕ್ಕ ಸುಲಭ. ಹತ್ತು ನಿಮಿಷಕ್ಕೆ ಅಣು ಅರ್ಧವಾಯಿತು ಅಂತಿಟ್ಟುಕೊಳ್ಳಿ. 0.693ನ್ನು 10ರಿಂದ ಭಾಗಿಸಿದರೆ 0.0693. ಒಂದು ಮಿಲಿಲೀಟರ್‌ನಲ್ಲಿ ಅರ್ಧ ಮಿಲಿಗ್ರಾಂ ಪ್ರೋಟೀನ್ ಇದ್ದರೆ ಒಂದು ಮಿಲಿಗ್ರಾಂಗೆ 2000 ಮೈಕ್ರೋಲೀಟರ್. ಎರಡನ್ನೂ ಗುಣಿಸಿದರೆ ನಿಮಿಷಕ್ಕೆ, ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಸುಮಾರು 139 ಮೈಕ್ರೋಲೀಟರ್. ಅಷ್ಟು ದ್ರವದಲ್ಲಿದ್ದ ಅಣು ಒಂದು ನಿಮಿಷದಲ್ಲಿ ಖಾಲಿ. ಬಹಳ ಜೋರು ಕತ್ತರಿ ಅಂತ ಅರ್ಥ.

ಒಂದು ಟ್ಯೂಬ್‌ಗೆ ಎನ್‌ಎಡಿಪಿಎಚ್ ಹಾಕದೆ ಬಿಡಿ. ದಯವಿಟ್ಟು ಮರೆಯಬೇಡಿ. ಇದನ್ನು ನಾನು ದುಬಾರಿ ಬೆಲೆ ತೆತ್ತು ಕಲಿತೆ. ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ನನ್ನ ಅಣು ಎಷ್ಟು ತಿದ್ದಿದರೂ ಐದು ನಿಮಿಷದಲ್ಲಿ ಮಾಯ. ಉಂಗುರಕ್ಕೆ ಫ್ಲೋರಿನ್ ಹಾಕಿದೆ, ಮೀಥೈಲ್ ತೆಗೆದೆ, ಎರಡು ತಿಂಗಳು ಹೋಯಿತು. ಹಿರಿಯರೊಬ್ಬರು ಬಂದು ನೋಡಿ, “ಇಂಧನ ಇಲ್ಲದ ಟ್ಯೂಬ್ ಎಲ್ಲಿದೆಯಮ್ಮ?” ಅಂದರು. ಇರಲಿಲ್ಲ. ಹಾಕಿ ನೋಡಿದರೆ ಅದರಲ್ಲೂ ಅಣು ಐದೇ ನಿಮಿಷಕ್ಕೆ ಹೋಗಿತ್ತು. ಪಿ450 ತಪ್ಪೇ ಇರಲಿಲ್ಲ. ಮೂಲೆಯಲ್ಲಿದ್ದ ಎಸ್ಟರನ್ನು ಎಸ್ಟರೇಸ್ ಕತ್ತರಿಸುತ್ತಿತ್ತು, ಅದಕ್ಕೆ ಇಂಧನ ಬೇಕಿಲ್ಲ. ನಾನು ಎರಡು ತಿಂಗಳು ಸೋರದ ತೂಬಿಗೆ ಮಣ್ಣು ಮೆತ್ತಿದ್ದೆ. ಲಿವರ್ ಕೂಡ ಹಾಕದೆ ಬರೀ ಬಫರ್‌ನ ಒಂದು ಟ್ಯೂಬ್ ಇಡಿ. ಅದರಲ್ಲೂ ಅಣು ಕಡಿಮೆಯಾದರೆ ಅದು ತಾನಾಗಿಯೇ ಕೆಡುತ್ತಿದೆ.

ಹಂತ 4: ಎಲ್ಲಿ ಒಡೆಯಿತು?

ಇದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಹೊರಗೆ ಕಳಿಸಿ. ಬಂದ ಸಂಖ್ಯೆ ಓದುವುದು ನಿಮ್ಮ ಕೆಲಸ. ಅಣುವಿನ ತೂಕಕ್ಕೆ 16 ಸೇರಿದ್ದರೆ ಒಂದು ಆಮ್ಲಜನಕ ಕೂತಿದೆ. 14 ಕಡಿಮೆಯಾಗಿದ್ದರೆ ಮೀಥೈಲ್ ಹಾರಿದೆ. 28 ಕಡಿಮೆಯಾದರೆ ಈಥೈಲ್. 30 ಹೆಚ್ಚಾದರೆ ಮೀಥೈಲ್ ಕಾರ್ಬಾಕ್ಸಿಲಿಕ್ ಆಮ್ಲವಾಗಿದೆ. 176 ಹೆಚ್ಚಾದರೆ ಗ್ಲುಕುರೊನಿಕ್ ಆಮ್ಲ ಅಂಟಿದೆ, ಆದರೆ ಬರೀ ಎಸ್9ನಲ್ಲಿ ಇದು ಕಾಣುವುದಿಲ್ಲ, ಆ ಆಮ್ಲವನ್ನು ಒದಗಿಸುವ ಯುಡಿಪಿಜಿಎ ಸೇರಿಸಿದ್ದರೆ ಮಾತ್ರ.

ಒಡೆದು ಬಂದದ್ದನ್ನು ಕಸ ಅಂತ ಎಸೆಯಬೇಡಿ. ಟರ್ಫೆನಡಿನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು. 3ಎ4 ಅದರ ತುದಿಯ ಒಂದು ಮೀಥೈಲನ್ನು ಆಮ್ಲ ಮಾಡುತ್ತಿತ್ತು, ಅದೇ 30ರ ಲೆಕ್ಕ. ನುಂಗಿದ್ದೆಲ್ಲ ಹೆಚ್ಚುಕಡಿಮೆ ಲಿವರ್ ದಾಟುವುದರೊಳಗೆ ಹೀಗೆ ಬದಲಾಗುತ್ತಿತ್ತು. ಕೆಲಸ ಮಾಡುತ್ತಿದ್ದದ್ದೂ ಆ ಬದಲಾದ ಅಣುವೇ. ಆದರೆ ಜೊತೆಗೆ ಕೀಟೋಕೋನಜೋಲ್ ಅಥವಾ ಎರಿಥ್ರೋಮೈಸಿನ್ ತೆಗೆದುಕೊಂಡವರಲ್ಲಿ 3ಎ4 ಕಟ್ಟಿಹೋಗಿ ಟರ್ಫೆನಡಿನ್ ಹಾಗೇ ರಕ್ತದಲ್ಲಿ ಉಳಿಯಿತು, ಹೃದಯದ ಬಡಿತ ತಪ್ಪಿತು. 1998ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂತೆಗೆದರು. ಬದಲಾದ ಅಣುವನ್ನೇ ಮಾತ್ರೆ ಮಾಡಿದರು. ಅದೇ ಫೆಕ್ಸೊಫೆನಡಿನ್. ಹತ್ತಿ ಬಿಡಿಸುವ ಕಾಲದಲ್ಲಿ ಮೂಗು ಸೋರುವವರು ಕೇಳಿ ತೆಗೆದುಕೊಳ್ಳುವ 120, 180ರ ಮಾತ್ರೆ. ಲಿವರ್ ಇದನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ.

ಹಂತ 5: ತಿದ್ದಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ

ಮೊದಲು ಜಿಡ್ಡು ಇಳಿಸಿ. ಪಿ450ರ ಒಳಗಿನ ಗುಳಿ ಜಿಡ್ಡಿನದು. ಜಿಡ್ಡಿನ ಅಣು ತಾನಾಗಿ ಹೋಗಿ ಅದರಲ್ಲಿ ಕೂರುತ್ತದೆ. ಲಾಗ್‌ಡಿ (ಜಿಡ್ಡಿನ ಅಳತೆ) ಒಂದರಿಂದ ಮೂರರ ನಡುವೆ ತಂದರೆ ಎಷ್ಟೋ ಸಲ ಬೇರೇನೂ ಬೇಕಾಗುವುದಿಲ್ಲ. ಬಿಪಿ ಮಾತ್ರೆಗಳನ್ನೇ ನೋಡಿ. ಮೆಟೊಪ್ರೊಲಾಲ್ ಜಿಡ್ಡಿನದು, 2ಡಿ6 ಅದನ್ನು ಒಡೆಯುತ್ತದೆ. ಅಟೆನೊಲಾಲ್‌ನ ತುದಿಯಲ್ಲಿ ಅಮೈಡ್ ಇದೆ, ನೀರಿಗೆ ಒಗ್ಗುತ್ತದೆ, ಬಹುಪಾಲು ಹಾಗೇ ಕಿಡ್ನಿಯಿಂದ ಹೊರಹೋಗುತ್ತದೆ.

ಎರಡನೆಯದು, ಏಟು ಬೀಳುವ ಜಾಗ ಮುಚ್ಚುವುದು. ಫ್ಲೋರಿನ್ ಇಲ್ಲಿ ಎಲ್ಲರ ಮೆಚ್ಚಿನದು. ಗಾತ್ರದಲ್ಲಿ ಹೈಡ್ರೋಜನ್‌ಗಿಂತ ಸ್ವಲ್ಪವೇ ದೊಡ್ಡದು, 1.20ರ ಜಾಗದಲ್ಲಿ 1.47 ಆಂಗ್‌ಸ್ಟ್ರಾಮ್. ಆದರೆ ಕಾರ್ಬನ್‌ ಜೊತೆ ಅದರ ಹಿಡಿತ ಬಲು ಗಟ್ಟಿ. ಕೊಲೆಸ್ಟರಾಲ್‌ನ ಎಜೆಟಿಮಿಬ್ ಇದಕ್ಕೆ ಒಳ್ಳೆ ಪಾಠ. ಮೊದಲಿನ ಅಣುವಿನ ಮೇಲೆ ದೇಹ ಎಲ್ಲೆಲ್ಲಿ ಕೈ ಹಾಕುತ್ತದೆ ಅಂತ ನೋಡಿದರು. ಬೇಡದ ಕಡೆ ಫ್ಲೋರಿನ್ ಕೂರಿಸಿದರು. ದೇಹ ಮಾಡಿದ ಒಂದು ಬದಲಾವಣೆ ಒಳ್ಳೆಯದಾಗಿತ್ತು, ಆ ಹೈಡ್ರಾಕ್ಸಿಲನ್ನು ತಾವೇ ಮೊದಲೇ ಇಟ್ಟುಬಿಟ್ಟರು. 2002ರಲ್ಲಿ ಮಾರುಕಟ್ಟೆಗೆ ಬಂತು.

ಮೂರನೆಯದು, ಪಕ್ಕದಲ್ಲಿ ಕಾವಲು ನಿಲ್ಲಿಸುವುದು. ಹಲ್ಲು ಕೀಳಿಸುವಾಗ ಕೊಡುವ ಸೂಜಿ ನೆನಪಿದೆಯಲ್ವಾ? ಹಿಂದೆ ಪ್ರೊಕೇನ್ ಇತ್ತು. ಅದರಲ್ಲಿ ಎಸ್ಟರ್. ರಕ್ತ ಸೇರಿದರೆ ಕ್ಷಣದಲ್ಲಿ ಕತ್ತರಿ ಬೀಳುತ್ತಿತ್ತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೋಕೇನ್ ಮಾಡಿದರು. ಎಸ್ಟರ್ ಬದಲು ಅಮೈಡ್. ಅದರ ಪಕ್ಕದ ಉಂಗುರದಲ್ಲಿ ಆ ಕಡೆ ಒಂದು, ಈ ಕಡೆ ಒಂದು ಮೀಥೈಲ್, ಬಾಗಿಲಿನ ಎರಡೂ ಬದಿ ದ್ವಾರಪಾಲಕರ ಹಾಗೆ. ಕಿಣ್ವಕ್ಕೆ ಹತ್ತಿರ ಬರಲು ಜಾಗವಿಲ್ಲ. ಪೆನಿಸಿಲಿನ್ ಒಡೆಯುವ ಬ್ಯಾಕ್ಟೀರಿಯಾದ ಕಿಣ್ವಕ್ಕೂ ಇದೇ ಉಪಾಯ ಮಾಡಿದರು. ಮೆಥಿಸಿಲಿನ್‌ನಲ್ಲಿ ಎರಡು ಮೆಥಾಕ್ಸಿಗಳು ಕಾವಲು ನಿಂತಿವೆ.

ಡ್ಯುಟೀರಿಯಂ ಉಪಾಯವೂ ಇದೆ. ಕೈಗಾದ ರಿಯಾಕ್ಟರುಗಳಲ್ಲಿ ಬಳಸುವ ಭಾರಜಲದಲ್ಲಿರುವ ಅದೇ ತೂಕದ ಹೈಡ್ರೋಜನ್. ಅದರ ಬಂಧ ಮುರಿಯಲು ಸ್ವಲ್ಪ ಜಾಸ್ತಿ ಶಕ್ತಿ ಬೇಕು. ಟೆಟ್ರಾಬೆನಜಿನ್‌ನ ಎರಡು ಮೆಥಾಕ್ಸಿಗಳ ಆರು ಹೈಡ್ರೋಜನ್ ಬದಲು ಡ್ಯುಟೀರಿಯಂ ಹಾಕಿದ ಡ್ಯುಟೆಟ್ರಾಬೆನಜಿನ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಾಜೆಕ್ಟಿನ ದುಡ್ಡಿನಲ್ಲಿ ನಾನಂತೂ ಇದನ್ನು ಹೇಳುವುದಿಲ್ಲ. ಸೋರುವ ವೇಗ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಮಾಡುವವರಿಗೆ ಒಂದೇ ಉದಾಹರಣೆ ಸಾಕು. ನಮ್ಮದೇ ಮೈಯ ಜಿಎಲ್‌ಪಿ-1 ಹಾರ್ಮೋನನ್ನು ಡಿಪಿಪಿ-4 ಅನ್ನುವ ಕಿಣ್ವ ಒಂದೆರಡು ನಿಮಿಷದಲ್ಲಿ ಅರ್ಧ ಮಾಡುತ್ತದೆ. ಸೆಮಾಗ್ಲುಟೈಡ್‌ನಲ್ಲಿ 8ನೇ ಜಾಗದ ಅಲನಿನ್‌ಗೆ ಒಂದು ಮೀಥೈಲ್ ಹೆಚ್ಚಿಸಿದರು, ಕತ್ತರಿ ಅಲ್ಲಿ ಹಿಡಿಯಲಾಗದೆ ಹೋಯಿತು. ಜೊತೆಗೆ ಒಂದು ಕೊಬ್ಬಿನ ಬಾಲ ಹಚ್ಚಿ ರಕ್ತದ ಆಲ್ಬುಮಿನ್‌ಗೆ ಅಂಟಿಸಿದರು. ಅರ್ಧಾಯು, ಅಂದರೆ ರಕ್ತದಲ್ಲಿ ಅರ್ಧವಾಗಲು ಹಿಡಿಯುವ ಸಮಯ, ಈಗ ಸುಮಾರು ಒಂದು ವಾರ.

ಹಂತ 6: ಮತ್ತೆ ಅಳೆಯಿರಿ, ಮೋಸ ಹೋಗಬೇಡಿ

ಒಂದು ತೂಬು ಮುಚ್ಚಿದರೆ ನೀರು ಮುಂದಿನ ತೂಬಿಗೆ ಒತ್ತುತ್ತದೆ. ಅಣುವಿನಲ್ಲೂ ಹಾಗೇ. ಮೆಥಾಕ್ಸಿ ಮುಚ್ಚಿದರೆ ಕಿಣ್ವ ಪಕ್ಕದ ನೈಟ್ರೋಜನ್ ಹಿಡಿಯುತ್ತದೆ. ಅದಕ್ಕೆ ಪ್ರತಿ ತಿದ್ದುಪಡಿಯ ನಂತರ ಮೂರನೇ ಹಂತಕ್ಕೆ ವಾಪಸ್. ಔಷಧದ ಗುಣ ಉಳಿದಿದೆಯೇ ಅಂತಲೂ ಅದೇ ವಾರ ನೋಡಿ. ಗಟ್ಟಿಯಾಗಿ ನಿಂತು ಏನೂ ಕೆಲಸ ಮಾಡದ ಅಣು ಸುಮ್ನೆ ಸುಣ್ಣದ ಪುಡಿ.

ಇನ್ನು ನಿಜವಾದ ಮೋಸ. ಪೈಪರೋನಲ್‌ನಿಂದ ಮಾಡಿದ ಅಣುಗಳು ಈ ಪರೀಕ್ಷೆಯಲ್ಲಿ ಬಹಳ ಗಟ್ಟಿ ಅಂತ ಕಾಣಬಹುದು. ಹುಡುಗರು ಖುಷಿಯಿಂದ ಓಡಿ ಬರುತ್ತಾರೆ. ಅದರಲ್ಲಿರುವ ಮೀಥೈಲೀನ್‌ಡೈಆಕ್ಸಿ ಉಂಗುರವನ್ನು ಪಿ450 ಒಡೆಯಲು ಹೋಗಿ ತಾನೇ ಅಂಟಿಕೊಂಡು ಸಾಯುತ್ತದೆ. ಕತ್ತರಿಯೇ ಮುರಿದ ಮೇಲೆ ಬಟ್ಟೆ ಗಟ್ಟಿ ಅಂದರೆ ಹೇಗೆ? ಕೀಟನಾಶಕಗಳಲ್ಲಿ ಪೈಪರೋನೈಲ್ ಬ್ಯುಟಾಕ್ಸೈಡ್ ಬೆರೆಸುವುದು ಇದೇ ಗುಣಕ್ಕೆ. ಹುಳುವಿನ ಪಿ450 ಕಟ್ಟಿಹೋದರೆ ಔಷಧಿ ಅದರ ಮೈಯಲ್ಲಿ ಉಳಿಯುತ್ತದೆ. ಕರಿಮೆಣಸಿನ ಪೈಪರಿನ್‌ನಲ್ಲೂ ಇದೇ ಉಂಗುರ ಇದೆ. ಮನುಷ್ಯನಿಗೆ ಇಂಥ ಅಣು ಕೊಟ್ಟರೆ ಅವನು ತೆಗೆದುಕೊಳ್ಳುವ ಬೇರೆ ಮಾತ್ರೆಗಳ ಲೆಕ್ಕವೂ ತಪ್ಪುತ್ತದೆ, ಟರ್ಫೆನಡಿನ್ ಕಥೆ ಮತ್ತೆ.

ಇಮಿಡಜೋಲ್, ಬಯಲಿಗೆ ಬಿದ್ದ ಪಿರಿಡಿನ್ ನೈಟ್ರೋಜನ್ ಕೂಡ ಪಿ450ರ ಕಬ್ಬಿಣಕ್ಕೆ ಕೊಕ್ಕೆ ಹಾಕಬಲ್ಲವು. ಪರೀಕ್ಷೆ ಸುಲಭ. ಬೇಗ ಒಡೆಯುವ ಗೊತ್ತಿರುವ ಔಷಧಿಯೊಂದನ್ನು, ವೆರಪಾಮಿಲ್ ಅಂಥದ್ದನ್ನು, ನಿಮ್ಮ ಅಣುವಿನ ಜೊತೆ ಒಂದೇ ಟ್ಯೂಬಿಗೆ ಹಾಕಿ. ವೆರಪಾಮಿಲ್ ಕೂಡ ಒಡೆಯದೆ ನಿಂತರೆ ನಿಮ್ಮ ಅಣು ಕಿಣ್ವವನ್ನೇ ಕಟ್ಟಿದೆ.

ಬೆಂಜೀನ್ ಬದಲು ಪಿರಿಮಿಡಿನ್, ಕ್ವಿನಜೋಲಿನ್ ಹಾಕಿ ಜಿಡ್ಡು ಇಳಿಸಿದಿರಾ? ನೈಟ್ರೋಜನ್ ಪಕ್ಕದ ಕಾರ್ಬನ್ ಮೇಲೆ ಆಲ್ಡಿಹೈಡ್ ಆಕ್ಸಿಡೇಸ್‌ಗೆ ಕಣ್ಣಿರುತ್ತದೆ. ಅದು ಮೈಕ್ರೋಸೋಮಿನಲ್ಲಿ ಇರುವುದಿಲ್ಲ, ಎಸ್9ನಲ್ಲಿ ಇರುತ್ತದೆ. ನಾಯಿಯ ಲಿವರ್‌ನಲ್ಲಿ ಅದರ ಕೆಲಸ ಇಲ್ಲವೇ ಇಲ್ಲ, ಹಾಗಾಗಿ ನಾಯಿಯಲ್ಲಿ ಚೆನ್ನಾಗಿದ್ದ ಅಣು ಮನುಷ್ಯನಲ್ಲಿ ಕೈಕೊಡಬಹುದು. ಇಲಿಯ ಕಥೆ ಉಲ್ಟಾ. ಅದರ ರಕ್ತದಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ತುಂಬಿರುತ್ತದೆ, ನಮ್ಮ ರಕ್ತದಲ್ಲಿ ಅದಿಲ್ಲ. ಇಲಿಯಲ್ಲಿ ಎಸ್ಟರ್ ನಿಲ್ಲಲಿಲ್ಲ ಅಂತ ತಕ್ಷಣ ಬಿಟ್ಟುಬಿಡಬೇಡಿ.

ಹಂತ 7: ಎಲ್ಲಿ ನಿಲ್ಲಿಸಬೇಕು

ಹಳೇ ಸಕ್ಕರೆ ಕಾಯಿಲೆ ಮಾತ್ರೆ ಟಾಲ್ಬುಟಮೈಡ್. ಉಂಗುರದ ತುದಿಯಲ್ಲಿ ಮೀಥೈಲ್, ದೇಹ ಅದನ್ನು ಬೇಗ ಆಮ್ಲ ಮಾಡುತ್ತದೆ, ಅರ್ಧಾಯು 4ರಿಂದ 6 ಗಂಟೆ. ಮೀಥೈಲ್ ಜಾಗದಲ್ಲಿ ಕ್ಲೋರಿನ್ ಇಟ್ಟು, ಬಾಲ ಒಂದು ಕಾರ್ಬನ್ ಗಿಡ್ಡ ಮಾಡಿದರೆ ಕ್ಲೋರ್‌ಪ್ರೊಪಮೈಡ್. ಅರ್ಧಾಯು ಸುಮಾರು 36 ಗಂಟೆ. ಕಾಗದದ ಮೇಲೆ ಜಯ. ಆದರೆ ಕಿಡ್ನಿ ಸೋತ ವಯಸ್ಸಾದವರಲ್ಲಿ ಸಕ್ಕರೆ ಕುಸಿದರೆ ದಿನಗಟ್ಟಲೆ ಮೇಲೇಳುವುದಿಲ್ಲ. ವಯಸ್ಸಾದವರಿಗೆ ಬೇಡ ಅನ್ನುವ ಪಟ್ಟಿಗೆ ಅದು ಸೇರಿತು.

ಸೆಲೆಕಾಕ್ಸಿಬ್ ಮಾಡಿದವರು ಇದರ ಉಲ್ಟಾ ಮಾಡಿದರು. ಅವರ ಮೊದಲಿನ ಹ್ಯಾಲೋಜನ್ ಇದ್ದ ಅಣುಗಳು ಪ್ರಾಣಿಗಳಲ್ಲಿ ಹೋಗಲೊಲ್ಲೆ ಅಂತ ಕೂತವು. ಬೇಕಂತಲೇ ಒಂದು ಮೀಥೈಲ್ ಇಟ್ಟರು. 2ಸಿ9 ಅದನ್ನು ಹಿಡಿದು ಕತ್ತರಿಸುತ್ತದೆ, ಅರ್ಧಾಯು ಸುಮಾರು 11 ಗಂಟೆಗೆ ಇಳಿಯಿತು. ಆಪರೇಷನ್ ಥಿಯೇಟರಿನ ಎಸ್ಮೊಲಾಲ್‌ನಲ್ಲಿ ಇನ್ನೂ ಮುಂದೆ ಹೋಗಿ ಎಸ್ಟರ್ ಇಟ್ಟರು, 9 ನಿಮಿಷಕ್ಕೆ ಅರ್ಧ. ಡ್ರಿಪ್ ನಿಲ್ಲಿಸಿದರೆ ಔಷಧಿಯೂ ಬೇಗ ಇಳಿಯಬೇಕು, ಅಲ್ವಾ? ಆದ್ದರಿಂದ ತಿದ್ದಲು ಕೂರುವ ಮುನ್ನ ಮಾತ್ರೆ ದಿನಕ್ಕೆ ಎಷ್ಟು ಸಲ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಒಂದೋ ಎರಡೋ ಸಲ ಅಂತಾದರೆ 36 ಗಂಟೆಯ ಆಸೆ ಬೇಡ.

ಏನು ಮಾಡಿದರೂ ಅಣು ಬಗ್ಗದಿದ್ದರೆ, ಕತ್ತರಿ ಹಿಡಿದ ಕೈಯನ್ನು ಬೇರೆಯವರಿಂದ ಹಿಡಿಸುವ ದಾರಿಯೂ ಇದೆ. ಪಾರ್ಕಿನ್ಸನ್‌ಗೆ ಲೆವೊಡೋಪ ಜೊತೆ ಕಾರ್ಬಿಡೋಪ ಕೊಡುವುದು ಹೀಗೇ. ಕೋವಿಡ್‌ನ ನಿರ್ಮಟ್ರೆಲ್ವಿರ್ ಜೊತೆ ರಿಟೊನಾವಿರ್ ಕೊಟ್ಟದ್ದೂ ಹೀಗೇ. ಆದರೆ ಅದು ಎಂ.ಫಾರ್ಮ ಪ್ರಾಜೆಕ್ಟಿನ ಮಾತಲ್ಲ.

ಸಿರವಾರದ ಹುಡುಗಿಯ ಪಿರಜೋಲಿನ್‌ನಲ್ಲಿ ಎರಡು ಕೆಂಪು ಸುತ್ತು ಇದ್ದವು. ಎಸ್ಟರನ್ನು ಅಮೈಡ್ ಮಾಡಿದಳು. ಇಂಧನ ಇಲ್ಲದ ಟ್ಯೂಬ್ ಸುಮ್ಮನಾಯಿತು. ಉಳಿದದ್ದು ಮೆಥಾಕ್ಸಿ. ಅದರ ಜಾಗದಲ್ಲಿ ಬರೀ ಫ್ಲೋರಿನ್ ಇಟ್ಟರೆ ಅಣು ನಿಂತಿತು, ಗುಣ ಹೋಯಿತು. ಆಮ್ಲಜನಕ ಬೇಕಿತ್ತು ಅಂತ ಕಾಣುತ್ತದೆ. ಈಗ ಡೈಫ್ಲೋರೋಮೆಥಾಕ್ಸಿ ಹಾಕಿದ್ದಾಳೆ. ಎಲ್ಲರ ಮನೆಯ ಪ್ಯಾಂಟೊಪ್ರಜೋಲ್ ಮಾತ್ರೆಯಲ್ಲಿರುವ ತುಣುಕೇ ಅದು. ಅನಿಸಾಲ್ಡಿಹೈಡ್ ಬದಲು ಪ್ಯಾರಾ-ಹೈಡ್ರಾಕ್ಸಿಬೆಂಜಾಲ್ಡಿಹೈಡ್‌ನಿಂದ ಶುರು ಮಾಡಿ, ಸೋಡಿಯಂ ಕ್ಲೋರೋಡೈಫ್ಲೋರೋಅಸಿಟೇಟ್ ಜೊತೆ ಬಿಸಿ ಮಾಡಿದಳು. ಪುಡಿ ಒಣಗಿದೆ. ಭಾನುವಾರ ಬೆಳಗ್ಗೆ ಆರಕ್ಕೆ ಕಲೇಜಿಗೆ ಹೇಳಿಟ್ಟಿದ್ದೇವೆ. ರಜೆ ದಿನ ಲ್ಯಾಬ್ ಕೀ ಕೊಡಲು ಅಟೆಂಡರ್ ಒಪ್ಪಿದ್ದಾರೆ, ಉಳಿದ ಮಟನ್ ತಮಗೂ ತರಬೇಕು ಅನ್ನುವ ಕರಾರಿನ ಮೇಲೆ.